ಮೂರು ಕೊಲೆ ಮಾಫಿ, ಒಂದು ಸಹಿ ಬಾಕಿ

ನಮ್ಮ ನಂದಿ ಸೀಮೆಯಲ್ಲಿ ಮೂರು ಬೆಳೆ ಚೆನ್ನಾಗಿ ಬರುತ್ತವೆ: ದ್ರಾಕ್ಷಿ, ರೇಷ್ಮೆ ಗೂಡು ಮತ್ತು ಟಿಪ್ಪು ಸುಲ್ತಾನ್. ಮೊದಲೆರಡಕ್ಕೆ ಸಾಲ ಮಾಡಿ ಬೋರ್‌ವೆಲ್ ಕೊರೆಸಬೇಕು, ನೀರು ಬರದಿದ್ದರೆ ಇನ್ನೊಂದು ಕೊರೆಸಬೇಕು. ಮೂರನೆಯದು ಮಳೆ ಇಲ್ಲದೆಯೂ ಪ್ರತಿ ನವೆಂಬರ್‌ನಲ್ಲಿ ತಾನಾಗಿ ಮೊಳೆಯುತ್ತದೆ. ಚುನಾವಣೆ ಇರುವ ವರ್ಷ ಎರಡು ಫಸಲು.

ಬೆಟ್ಟದ ಬುಡದ ಒಂದು ಹಳ್ಳಿಯ ಹೆಸರೇ ಸುಲ್ತಾನ್‌ಪೇಟೆ. ಆ ಕಡೆ ಯಾವ ಟೀ ಅಂಗಡಿಯಲ್ಲಿ ಕೂತರೂ ಇತಿಹಾಸದ ಎರಡು ಪೀಠಗಳು ಕಾಣುತ್ತವೆ. ಒಂದು ಪೀಠದ ಪ್ರಕಾರ ಸುಲ್ತಾನ ರಾಕ್ಷಸ. ಈ ಪೀಠದವರು ಬೈದು ಮುಗಿಸಿ, ಟೀ ಲೋಟ ಕೆಳಗಿಟ್ಟು, ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಾರೆ. ಮೈಸೂರು ಸೀಮೆಗೆ ರೇಷ್ಮೆ ಹುಳು ತರಿಸಿದವನು ಯಾರು ಎಂಬ ಪ್ರಶ್ನೆ ಹರಾಜಿನ ಹೊತ್ತಿಗೆ ಯಾರಿಗೂ ಏಳುವುದಿಲ್ಲ. ಇನ್ನೊಂದು ಪೀಠದ ಪ್ರಕಾರ ಸುಲ್ತಾನ ಸಂತ. ಈ ಪೀಠದವರು ಪ್ರವಾಸಿಗರಿಗೆ ಇಡೀ ಬೆಟ್ಟ ತೋರಿಸುತ್ತಾರೆ. ಕೈದಿಗಳನ್ನು ಕೆಳಗೆ ತಳ್ಳಿಸುತ್ತಿದ್ದನೆಂದು ಹೇಳುವ ಟಿಪ್ಪು ಡ್ರಾಪ್ ಹತ್ತಿರ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತದೆ.

ಈ ಎರಡು ಪೀಠಗಳೂ ಇದುವರೆಗೆ ಸಾಕ್ಷಿಗೆ ಕರೆಯದ ಒಂದು ಜನವಿದೆ. ಸುಲ್ತಾನರ ದಂಡಿಗೆ ದವಸ ಹೊತ್ತವರು, ಡೇರೆಗೆ ಚಪ್ಪರ ಕಟ್ಟಿದವರು, ಊರೂರಿಗೆ ಉಪ್ಪು ತಂದವರು, ಹಗ್ಗದ ಮೇಲೆ ನಡೆದವರು, ಕಣಿ ಹೇಳಿದವರು. ಒಟ್ಟಾರೆ ಅಲೆಮಾರಿಗಳು. "ಮುಸ್ಲಿಂ ದೊರೆಗಳ ಕೆಳಗೆ ಇವರು ಹೇಗಿದ್ದರು?" ಎಂದು ಕೇಳಿದರೆ ಎರಡೂ ಪೀಠಗಳು ಅರೆ ನಿಮಿಷ ಸುಮ್ಮನಾಗುತ್ತವೆ. ಆಮೇಲೆ ಒಂದು "ಹಿಂಸೆ ಅನುಭವಿಸಿದರು" ಎನ್ನುತ್ತದೆ, ಇನ್ನೊಂದು "ಸುಖವಾಗಿದ್ದರು" ಎನ್ನುತ್ತದೆ. ಎರಡಕ್ಕೂ ಆಧಾರ ವಾಟ್ಸ್‌ಆ್ಯಪ್.

ಈ ಪ್ರಶ್ನೆಗೆ ಜಗತ್ತಿನಲ್ಲೇ ಅತಿ ಚೊಕ್ಕ ಲೆಕ್ಕ ಬರೆದಿಟ್ಟವರು ಇಸ್ತಾಂಬುಲಿನ ಆಟೊಮನ್ ಸುಲ್ತಾನರು. ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಉಪಖಂಡ ಬಿಟ್ಟು ಹೊರಟ ರೋಮಾ ಜನ ಪರ್ಷಿಯಾ, ಅರ್ಮೇನಿಯಾ ದಾಟಿ ಬಾಲ್ಕನ್ ಸೀಮೆ ಸೇರಿದ್ದರು. ಕಮ್ಮಾರಿಕೆ, ಜರಡಿ, ಬುಟ್ಟಿ, ಕರಡಿ ಆಟ, ಮದುವೆಗೆ ವಾಲಗ: ನಮ್ಮ ಕಡೆಯ ಜಾತ್ರೆಗೆ ತಂದು ಬಿಟ್ಟರೂ ಯಾರೂ ಹೊರಗಿನವರೆಂದು ಗುರುತು ಹಿಡಿಯಲಾರದಷ್ಟು ಪರಿಚಿತ ಕಸುಬುಗಳು. ಅವರ ಬೆನ್ನಿಗೇ ಆ ಸೀಮೆಗೆ ಆಟೊಮನ್ನರು ಬಂದರು. ಬಂದವರು ಇವರನ್ನು ಓಡಿಸಲಿಲ್ಲ, ಕೊಲ್ಲಲಿಲ್ಲ. ಅದಕ್ಕಿಂತ ಲಾಭದ ಕೆಲಸ ಮಾಡಿದರು. ಎಣಿಸಿದರು.

1475ರ ಹೊತ್ತಿಗೇ ತೆರಿಗೆ ಪುಸ್ತಕ ಬಂತು. 1522–23ರಲ್ಲಿ ಇನ್ನೂ ದಪ್ಪದ ಪುಸ್ತಕ. 1530ರಲ್ಲಿ ಸುಲ್ತಾನ್ ಸುಲೇಮಾನ್ ರೋಮಾಗಳಿಗೆಂದೇ ಪ್ರತ್ಯೇಕ ಕಾನೂನು ಹೊರಡಿಸಿದ. ಅದರ ದರಪಟ್ಟಿ ಕೇಳಿ: ಕ್ರೈಸ್ತ ರೋಮಾ ಮನೆಗೆ 25 ಅಕ್ಚೆ, ಮುಸ್ಲಿಂ ರೋಮಾ ಮನೆಗೆ 22 ಅಕ್ಚೆ. ಅಂದರೆ ಸತ್ಯಧರ್ಮಕ್ಕೆ ಸೇರಿದ ಭಾಗ್ಯಕ್ಕೆ ಇಸ್ಲಾಮಿನ ಖಲೀಫರೇ ಕೊಟ್ಟ ರಿಯಾಯಿತಿ ಮೂರು ಬೆಳ್ಳಿ ಕಾಸು. ನಮ್ಮ ಟಿವಿಗಳಲ್ಲಿ ಮತಾಂತರದ ಆಮಿಷದ ಬಗ್ಗೆ ರಾತ್ರಿಯೆಲ್ಲ ಕೂಗಾಡುವವರು ಈ ಲೆಕ್ಕ ನೋಡಬೇಕು. ಇಷ್ಟು ಜಿಪುಣ ಆಮಿಷ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಜಿಝಿಯಾ ಎಂಬ ತಲೆಗಂದಾಯ ಮುಸ್ಲಿಮರಲ್ಲದವರಿಗೆ ಮಾತ್ರ ಎಂಬುದು ಶಾಸ್ತ್ರ. ಆದರೆ ರೋಮಾಗಳ ವಿಷಯದಲ್ಲಿ ಶಾಸ್ತ್ರ ಖಜಾನೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಿತು. ನಮಾಜು ಮಾಡುವ ರೋಮಾನಿಂದಲೂ ಆ ಕಂದಾಯ ವಸೂಲಾಯಿತು, ಕ್ರೈಸ್ತನಿಗಿಂತ ಒಂದಿಷ್ಟು ಕಡಿಮೆ ದರದಲ್ಲಿ. ಮುಸ್ಲಿಂ ರೋಮಾ ಕ್ರೈಸ್ತ ರೋಮಾಗಳ ಜೊತೆ ಬೆರೆತು ಅಲೆಯಕೂಡದು ಎಂದೂ ಕಾನೂನು ಇತ್ತು. ಬೆರೆತರೆ ರಿಯಾಯಿತಿಯ ಲೆಕ್ಕ ಕಲಸಿಹೋಗುತ್ತದಲ್ಲ! ಹದಿನೇಳನೆಯ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಇವರನ್ನು ಕಂಡು ಮೂಗು ಮುರಿದ: ಇವರು ಕ್ರೈಸ್ತರ ಜೊತೆ ಈಸ್ಟರ್ ಮಾಡುತ್ತಾರೆ, ಮುಸ್ಲಿಮರ ಜೊತೆ ಬಕ್ರೀದ್ ಮಾಡುತ್ತಾರೆ, ಯಹೂದಿಗಳ ಜೊತೆ ಅವರ ಹಬ್ಬವನ್ನೂ ಮಾಡುತ್ತಾರೆ, ಯಾವುದಕ್ಕೂ ನಿಷ್ಠರಲ್ಲ ಎಂದು. ಬಾಬಯ್ಯನ ಹಬ್ಬದಲ್ಲಿ ಕೆಂಡ ಹಾಯ್ದು, ಮರುವಾರ ಗಂಗಮ್ಮನಿಗೆ ದೀಪ ಹೊತ್ತು, ಕ್ರಿಸ್‌ಮಸ್ಸಿಗೆ ಕೇಕು ತಿನ್ನುವ ನಮ್ಮ ಚಿಂತಾಮಣಿ ಕಡೆಯ ಜನರನ್ನು ಆ ಪುಣ್ಯಾತ್ಮ ನೋಡಿದ್ದರೆ ಪ್ರವಾಸವನ್ನೇ ಬಿಡುತ್ತಿದ್ದ.

ಆದರೆ ಸುಲ್ತಾನನ ಒಂದು ಜಾಣತನಕ್ಕೆ ತಲೆಬಾಗಲೇಬೇಕು. ರೋಮಾಗಳ ಆಡಳಿತಕ್ಕೆಂದು ಒಂದು ಪ್ರತ್ಯೇಕ 'ಸಂಜಕ್' ಇತ್ತು, ಅಂದರೆ ಒಂದು ಜಿಲ್ಲೆ. ಆ ಜಿಲ್ಲೆಗೆ ಅಧಿಕಾರಿ ಇದ್ದ, ಲೆಕ್ಕ ಇತ್ತು, ವಸೂಲಿ ಇತ್ತು. ಗಡಿ ಮಾತ್ರ ಇರಲಿಲ್ಲ. ಜನ ಎಲ್ಲೆಲ್ಲಿ ಡೇರೆ ಹಾಕುತ್ತಾರೋ ಅಲ್ಲೆಲ್ಲ ಜಿಲ್ಲೆ. ನಾವು 2007ರಲ್ಲಿ ಕೋಲಾರವನ್ನು ಸೀಳಿ ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದೆವು. ಗಡಿ ಹಾಕಿದೆವು, ಬೋರ್ಡು ಹಾಕಿದೆವು, ಜಿಲ್ಲಾಡಳಿತ ಭವನ ಕಟ್ಟಿದೆವು. ಜಿಲ್ಲೆಯಲ್ಲಿ ಎಲ್ಲ ಇದೆ, ಡೇರೆ ಹಾಕಿಕೊಂಡವರಿಗೆ ಮಾತ್ರ ಜಾಗ ಇಲ್ಲ. ಸುಲ್ತಾನ ನೆಲವಿಲ್ಲದ ಜಿಲ್ಲೆ ಮಾಡಿದ. ನಾವು ನೆಲವಿಲ್ಲದವರೇ ಇಲ್ಲವೆಂಬಂತೆ ಜಿಲ್ಲೆ ಮಾಡಿದೆವು.

ಒಂದನೇ ಪೀಠದವರು "ನೋಡಿದಿರಾ, ಮುಸ್ಲಿಂ ದಬ್ಬಾಳಿಕೆ!" ಎಂದು ಮೇಜು ಕುಟ್ಟುವ ಮೊದಲು ಅದೇ 1530ರ ಲಂಡನ್ನಿಗೆ ಹೋಗಿ ಬರಲಿ. ಆ ವರ್ಷವೇ ಎಂಟನೇ ಹೆನ್ರಿಯ ಇಂಗ್ಲೆಂಡ್ ಇದೇ ಜನಕ್ಕೆ ದೇಶ ಬಿಟ್ಟು ತೊಲಗಿ ಎಂದು ಕಾನೂನು ಮಾಡಿತು. 1554ರಲ್ಲಿ ಅದು ತೊಲಗದವರಿಗೆ ಮರಣದಂಡನೆಯವರೆಗೂ ಬೆಳೆಯಿತು. ಸುಲ್ತಾನನಿಗೆ ಕಪ್ಪ ಕೊಡುತ್ತಿದ್ದ ವಲಾಖಿಯಾ, ಮೊಲ್ಡಾವಿಯಾಗಳಲ್ಲಿ ಕ್ರೈಸ್ತ ದೊರೆಗಳೂ ಮಠಗಳೂ ರೋಮಾಗಳನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅದು ಕೊನೆಯಾದದ್ದು 1856ರಲ್ಲಿ. ಎರಡನೇ ಪೀಠದವರು "ನೋಡಿದಿರಾ, ಸುಲ್ತಾನರ ಔದಾರ್ಯ!" ಎಂದು ಹಿಗ್ಗುವ ಮೊದಲು ಆ 22 ಅಕ್ಚೆಯ ರಸೀದಿ ಇನ್ನೊಮ್ಮೆ ನೋಡಲಿ. ಕತ್ತರಿಸುವವನಿಗಿಂತ ಹಾಲು ಕರೆಯುವವನು ಒಳ್ಳೆಯವನು, ಒಪ್ಪಿದೆ. ಹಾಗೆಂದು ಹಸು ಅವನ ಫೋಟೋಗೆ ಹಾರ ಹಾಕಬೇಕೆ?

ಈಗ ನಮ್ಮ ಮನೆಯ ಲೆಕ್ಕ. 1638ರ ಹೊತ್ತಿಗೆ ಬಿಜಾಪುರದ ರಣದುಲ್ಲಾಖಾನನ ದಂಡು ಶಹಾಜಿಯನ್ನು ಕರೆದುಕೊಂಡು ಈ ಸೀಮೆಗೆ ಬಂತು. 1687ರಲ್ಲಿ ಔರಂಗಜೇಬನ ಶಿರಾ ಸುಬಾ ಆಯಿತು. ದೊಡ್ಡಬಳ್ಳಾಪುರ, ಕೋಲಾರ ಎಲ್ಲ ಅದರ ಪರಗಣೆಗಳು. ಆಮೇಲೆ ಹೈದರ್, ಆಮೇಲೆ ಟಿಪ್ಪು. ಇಷ್ಟು ದಂಡುಗಳು ಈ ಕಲ್ಲುಬೆಟ್ಟಗಳ ನಡುವೆ ಓಡಾಡಿದವಲ್ಲ, ಉಂಡದ್ದೇನು? ಚರಿತ್ರೆಯ ಪುಸ್ತಕದಲ್ಲಿ ದೊರೆ ಕುದುರೆ ಹತ್ತುತ್ತಾನೆ, ಕತ್ತಿ ಎತ್ತುತ್ತಾನೆ, ಕೋಟೆ ಗೆಲ್ಲುತ್ತಾನೆ. ಊಟ ಮಾಡುವುದೇ ಇಲ್ಲ.

ಉಣಿಸಿದವರು ಲಂಬಾಣಿಗಳು. ಉತ್ತರದಲ್ಲಿ ಬಂಜಾರರು, ಇಂಗ್ಲಿಷರ ಬಾಯಲ್ಲಿ ಬ್ರಿಂಜಾರಿಗಳು. ಹೇರೆತ್ತುಗಳ ಬೆನ್ನ ಮೇಲೆ ಅಕ್ಕಿ, ಬೇಳೆ, ಉಪ್ಪು ಹೇರಿಕೊಂಡು ತಾಂಡಾ ಸಮೇತ ಹೊರಡುತ್ತಿದ್ದರು. ಜಹಾಂಗೀರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಇವರನ್ನು ನೆನೆದಿದ್ದಾನೆ. ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ 1632ರಲ್ಲಿ ಆಗ್ರಾ ಬಿಟ್ಟು ಪಟ್ನಾ ದಾರಿಯಲ್ಲಿ ಹೋಗುವಾಗ ಎದುರಿಗೆ ಬಂದ ಒಂದೇ ತಾಂಡಾದ ದವಸದ ಎತ್ತುಗಳನ್ನು 14,000 ಎಂದು ಬರೆದುಕೊಂಡ. ವೀಕೆಂಡಿನಲ್ಲಿ ನಂದಿ ರಸ್ತೆಯ ಟ್ರಾಫಿಕ್ ಜಾಮಿಗೆ ಅಳುವವರು ಆ ಎತ್ತುಗಳ ಹಿಂದೆ ಸಿಕ್ಕಿಕೊಂಡದ್ದನ್ನು ಒಮ್ಮೆ ಊಹಿಸಿಕೊಳ್ಳಲಿ, ಹಾರನ್ನೂ ಇರಲಿಲ್ಲ.

ಇವರಿಗೆ ಮೊಘಲರು ಕೊಟ್ಟ ಸನ್ಮಾನದ ಒಂದು ಕತೆ ತಾಂಡಾಗಳಲ್ಲಿ ಇಂದಿಗೂ ಇದೆ. ಜಂಗಿ, ಭಂಗಿ ಎಂಬ ಇಬ್ಬರು ನಾಯಕರು ಆಸಫ್ ಖಾನನ ದಂಡಿನ ಜೊತೆ ಸಾವಿರ ಸಾವಿರ ಎತ್ತು ಹೊಡೆದುಕೊಂಡು ದಖನ್ನಿಗೆ ಬಂದರಂತೆ. ಅವರಿಗೆ ಸಿಕ್ಕ ತಾಮ್ರಪಟದಲ್ಲಿ ಮೂರು ಸವಲತ್ತು: ಯಾರ ಮನೆಯ ಹಂಡೆಯಿಂದಲಾದರೂ ನೀರು ತೆಗೆದುಕೊಳ್ಳಬಹುದು, ಯಾರ ಮಾಡಿನಿಂದಲಾದರೂ ಎತ್ತಿಗೆ ಹುಲ್ಲು ಕೀಳಬಹುದು, ದಿನಕ್ಕೆ ಮೂರು ಕೊಲೆ ಮಾಫಿ. ಆಸಫನ ಕುದುರೆ ಎಲ್ಲಿದೆಯೋ ಅಲ್ಲಿ ಇವರ ಎತ್ತು ಇರಬೇಕು, ಅಷ್ಟೇ ಕರಾರು. ಎಂಥ ಉದಾರ ಸರ್ಕಾರ ನೋಡಿ! ಕೊಟ್ಟ ಮೂರರಲ್ಲಿ ಒಂದೂ ಖಜಾನೆಯಿಂದ ಹೋಗಲಿಲ್ಲ. ನೀರು ರೈತನದು, ಹುಲ್ಲು ರೈತನದು, ಕೊಲೆಯಾಗುವ ಕುತ್ತಿಗೆಯೂ ಅವನದೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯಲ್ಲಿ ಕೊಡಿಸಿದ ಮೂರನೆಯವನ ಹೆಸರಿಲ್ಲ, ಅವನೇ ಸರ್ಕಾರ.

ದಂಡಿನ ಜೊತೆ ಬಂದವರು ಇವರೊಬ್ಬರೇ ಅಲ್ಲ. ಡೇರೆಗಳಿಗೆ ಚಪ್ಪರ ಹೊದಿಸಲು ಚಪ್ಪರ್‌ಬಂದರು ಬಂದರು. ಮುಸ್ಲಿಮರೇ, ಮುಸ್ಲಿಂ ಬಾದಶಹರ ಸೈನ್ಯಕ್ಕೇ ನೆರಳು ಕಟ್ಟಿದವರೇ. ದಂಡು ಕರಗಿದ ಮೇಲೆ ಬಿಜಾಪುರ ಸೀಮೆಯಲ್ಲಿ ಉಳಿದರು. ಅವರಿಗೊಂದು ಶಾಶ್ವತ ಮಾಡು ಕಟ್ಟಿಕೊಡಬೇಕೆಂದು ಯಾವ ಬಾದಶಹನಿಗೂ ನೆನಪಾಗಲಿಲ್ಲ. ಧರ್ಮಬಾಂಧವ್ಯ ಮೂರು ಅಕ್ಚೆ ದಾಟಿ ಹೋದ ಉದಾಹರಣೆ ಇಲ್ಲೂ ಸಿಗುವುದಿಲ್ಲ.

ಇನ್ನು 1791. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲ ತನಕ ಹೋದ ಲಾರ್ಡ್ ಕಾರ್ನ್‌ವಾಲಿಸ್, ದಂಡಿಗೆ ಕೂಳಿಲ್ಲದೆ, ಎಳೆಯುವ ಎತ್ತುಗಳು ಸಾಲು ಸಾಲು ಸತ್ತು, ಮುತ್ತಿಗೆಯ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಬುದ್ಧಿ ಬಂತು. ಯುದ್ಧ ಗೆಲ್ಲಲು ಬೇಕಾದದ್ದು ಜನರಲ್ ಅಲ್ಲ, ಹೇರೆತ್ತು ಎಂದು ತಿಳಿಯಿತು. ಬ್ರಿಂಜಾರಿಗಳನ್ನು ಹಿಡಿದ. ಅಕ್ಟೋಬರ್ 19ರಂದು ಮೂರು ವಾರದ ಮುತ್ತಿಗೆಯ ನಂತರ ನಮ್ಮ ನಂದಿದುರ್ಗ ಇಂಗ್ಲಿಷರ ಕೈಸೇರಿತು. ಮರುವರ್ಷ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ.

ಹೈದರ್–ಟಿಪ್ಪುಗಳ ದಂಡಿಗೂ ಇದೇ ಜನ ದವಸ ಹೊತ್ತಿದ್ದರು, ಅವರ ಶತ್ರುವಿನ ದಂಡಿಗೂ ಹೊತ್ತರು. ಈಗ ಎರಡೂ ಪೀಠದವರು ತೀರ್ಪು ಕೊಡಿ, ಸ್ವಾಮಿ. ಇವರು ದೇಶದ್ರೋಹಿಗಳೋ, ಸ್ವಾತಂತ್ರ್ಯ ಹೋರಾಟಗಾರರೋ? ಸುಲ್ತಾನನ ಅಕ್ಕಿ ಹೊತ್ತದ್ದಕ್ಕೆ ಪಿಂಚಣಿ ಕೊಡೋಣವೋ, ಕಂಪನಿಯ ಅಕ್ಕಿ ಹೊತ್ತದ್ದಕ್ಕೆ ಪಠ್ಯಪುಸ್ತಕದಿಂದ ಕಿತ್ತುಹಾಕೋಣವೋ? ಎರಡನೆಯದಕ್ಕೆ ತೊಂದರೆ ಇಲ್ಲ, ಮೊದಲೂ ಸೇರಿಸಿರಲಿಲ್ಲ.

ಕಂಪನಿ ಗೆದ್ದಮೇಲೆ ಋಣ ತೀರಿಸಿದ ಬಗೆ ನೋಡಬೇಕು. ರೈಲು ಬಂತು, ಹೇರೆತ್ತಿನ ಕೆಲಸ ಹೋಯಿತು. ಉಪ್ಪು ಸರ್ಕಾರದ ಸೊತ್ತಾಯಿತು, ಕರಾವಳಿಯಿಂದ ಘಟ್ಟ ಹತ್ತಿಸಿ ಉಪ್ಪು ತರುತ್ತಿದ್ದ ಕೊರಚರ, ಕೊರಮರ ಕಸುಬು ಕರಗಿತು. ಕೆಲಸ ಕಿತ್ತುಕೊಂಡ ಮೇಲೂ ಇವರು ಅಲೆಯುತ್ತಲೇ ಇದ್ದದ್ದು ಸಾಹೇಬರಿಗೆ ಅನುಮಾನ ತಂದಿತು. ಕೆಲಸವಿಲ್ಲದೆ ಅಲೆಯುವವನು ಕಳ್ಳನಲ್ಲದೆ ಇನ್ನೇನು? 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. 1911ರ ಕಾಯ್ದೆಯ ಹೊತ್ತಿಗೆ ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿತು. ಗೌರಿಬಿದನೂರಿನಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಹಿಂದೂಪುರ ಆಗ ಮದ್ರಾಸಿನದು. ಹುಟ್ಟಿದ್ದೇ ಅಪರಾಧ, ಠಾಣೆಯಲ್ಲಿ ಹಾಜರಿ, ಊರು ಬಿಡಲು ಚೀಟಿ. ಚಪ್ಪರ ಕಟ್ಟುತ್ತಿದ್ದ ಚಪ್ಪರ್‌ಬಂದರಿಗೆ ಖೋಟಾ ನಾಣ್ಯದವರೆಂದು ಪಟ್ಟ ಸಿಕ್ಕಿತು. ಮೊಘಲರ ಕಾಲಕ್ಕೆ ದಿನಕ್ಕೆ ಮೂರು ಕೊಲೆ ಮಾಡಿದರೂ ನಿರಪರಾಧಿ. ಇಂಗ್ಲಿಷರ ಕಾಲಕ್ಕೆ ತೊಟ್ಟಿಲಲ್ಲಿ ಮಲಗಿದ್ದರೂ ಅಪರಾಧಿ. ಕಾನೂನಿನ ಆಳ್ವಿಕೆ ಎಂದರೆ ಇದೇ ಎಂದು ನಮಗೆ ಹೈಸ್ಕೂಲಿನಲ್ಲಿ ಕಲಿಸಿದರು.

1952ರ ಆಗಸ್ಟ್ 31ರಂದು ಸ್ವತಂತ್ರ ಭಾರತ ಆ ಕಾಯ್ದೆ ರದ್ದುಮಾಡಿತು. ದೇಶಕ್ಕೆ 1947ರಲ್ಲಿ ಸಿಕ್ಕಿದ್ದು ಇವರಿಗೆ ಐದು ವರ್ಷ ತಡವಾಗಿ ತಲುಪಿತು. ಅಂಚೆಗೆ ವಿಳಾಸ ಸಿಕ್ಕಿರಲಿಕ್ಕಿಲ್ಲ. ಅಂದಿನಿಂದ ಇವರು ವಿಮುಕ್ತರು. ಬಿಡುಗಡೆ ಹೇಗಿದೆ ಎಂದು ನೋಡಬೇಕಾದರೆ ಚಿಂತಾಮಣಿ ರಸ್ತೆಯ ಪಕ್ಕ ನೀಲಿ ಟಾರ್ಪಾಲ್ ಕಂಡಲ್ಲಿ ಗಾಡಿ ನಿಲ್ಲಿಸಿ. ಗಂಡಸು ಕಾಲ ಹೆಬ್ಬೆರಳಿಗೆ ಬಿದಿರು ಒತ್ತಿಕೊಂಡು ಮಚ್ಚಿನಿಂದ ದಬ್ಬೆ ಸೀಳುತ್ತಿರುತ್ತಾನೆ. ಹೆಂಗಸು ದಬ್ಬೆ ನೆನೆಸಿ ಮೊರವೋ ಮಂಕರಿಯೋ ಹೆಣೆಯುತ್ತಿರುತ್ತಾಳೆ. ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಂಕಿಗಳೆಲ್ಲ ಬಿದಿರಿನವೇ ಆಗಿದ್ದ ಕಾಲದಲ್ಲಿ ಇಂಥ ಕೈಗಳಿಲ್ಲದೆ ಶಿಡ್ಲಘಟ್ಟದಲ್ಲಿ ಹುಳುವಿಗೂ ಮನೆ ಇರಲಿಲ್ಲ. ಈಗ ಪ್ಲಾಸ್ಟಿಕ್ಕಿನವು ಬಂದಿವೆ. ಹುಳು ಹೊಸ ಮನೆಗೆ ಹೋಯಿತು, ಕಟ್ಟಿದವರು ಟಾರ್ಪಾಲಿನಲ್ಲೇ ಉಳಿದರು.

ಅಲ್ಲಿಗೊಬ್ಬ ಮೇಷ್ಟ್ರು ಮೊಬೈಲ್ ಆ್ಯಪ್ ಹಿಡಿದು ಸಮೀಕ್ಷೆಗೆ ಬರುತ್ತಾರೆ ಅನ್ನಿ. ಮಾತು ಹೀಗೆ ಸಾಗುತ್ತದೆ:

"ಯಾವೂರಮ್ಮಾ?"

"ಈಗ ಇದೇ ಊರು ಸಾಮಿ."

"ಅದಲ್ಲಮ್ಮ, ಖಾಯಂ ವಿಳಾಸ?"

"ಬಿದಿರು ಸಿಕ್ಕೋ ಕಡೆ, ಮೊರ ಮಾರೋ ಕಡೆ."

"ಮನೆ ನಂಬರ್ ಹಾಕದಿದ್ರೆ ಇದು ಮುಂದಕ್ಕೆ ಹೋಗಲ್ಲ."

"ಹೋಗದಿದ್ರೆ ಕೂತ್ಕೊಳ್ಳಿ ಸಾಮಿ. ನಾವೂ ಇಲ್ಲೇ ಕೂತಿದೀವಿ."

"ರೇಷನ್ ಕಾರ್ಡ್?"

"ಆಧಾರ್ ತಗೊಂಬಾ ಅಂದ್ರು. ಆಧಾರ್ ಕೇಳೋಕೋದ್ರೆ ರೇಷನ್ ಕಾರ್ಡ್ ತಗೊಂಬಾ ಅಂದ್ರು."

"ಜಾತಿ ಸರ್ಟಿಫಿಕೇಟ್ ಆದ್ರೂ?"

"ಒಂದು ಸಹಿ ಬಾಕಿ ಐತಂತೆ. ನಿಮ್ಮಜ್ಜ ಈ ತಾಲೂಕಲ್ಲಿ ಇದ್ದ ಅಂತ ದಾಖಲೆ ತೋರ್ಸು, ಸಹಿ ಹಾಕ್ತೀನಿ ಅಂತಾರೆ. ನಮ್ಮಜ್ಜ ದಾಖಲೆನಾಗೆ ಇದ್ದ ಸಾಮಿ. ಪೊಲೀಸ್ ಠಾಣೆ ಪುಸ್ತಕದಾಗಿದ್ದ."

ಮೇಷ್ಟ್ರು ಆ್ಯಪಿನಲ್ಲಿ 'ಇತರೆ' ಒತ್ತುತ್ತಾರೆ.

ಇವರ ಉದ್ಧಾರಕ್ಕೆ ಆಯೋಗಗಳಿಗೇನೂ ಕೊರತೆಯಿಲ್ಲ. ರೇಣ್ಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು. ಅದನ್ನು ಓದುವ ಬದಲು ಇದಾತೆ ಆಯೋಗ ಮಾಡಿದರು, ಅದೂ ಕೊಟ್ಟಿತು. ಅಲೆಮಾರಿ ಪಂಗಡದವರನ್ನು ಹುಟ್ಟಿನಿಂದಲೇ ಅನುಮಾನಿಸುವ ನಿಯಮಗಳು ಜೈಲು ಕೈಪಿಡಿಗಳಲ್ಲಿ 2024ರ ಅಕ್ಟೋಬರ್‌ವರೆಗೆ ಬೆಚ್ಚಗೆ ಮಲಗಿದ್ದವು. ಸುಪ್ರೀಂ ಕೋರ್ಟ್ ಎಬ್ಬಿಸಿ ಹೊರಗೆ ಕಳಿಸಬೇಕಾಯಿತು. ಇನ್ನು 2025ರ ಆಗಸ್ಟ್‌ನಲ್ಲಿ ನಡೆದದ್ದು ನಿಮಗೇ ಗೊತ್ತು. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯಲ್ಲಿ 59 ಅಲೆಮಾರಿ ಸಮುದಾಯಗಳಿಗೆಂದು ಶೇ. 1 ಎತ್ತಿಡಿ ಎಂದಿತು. ಸಂಪುಟ ಕೂತು 6, 6, 5 ಎಂದು ಹಂಚಿ, ಇವರನ್ನು ತಮಗಿಂತ ಎಷ್ಟೋ ಬಲವಾದ ಸಮುದಾಯಗಳ ಜೊತೆ ಕೊನೆಯ ಐದರ ಪಂಕ್ತಿಗೆ ಕೂರಿಸಿತು. ಆ ಒಂದು ಪರ್ಸೆಂಟ್ ಕೂಡ ಅಲೆಮಾರಿಯಾಯಿತು. ಫ್ರೀಡಂ ಪಾರ್ಕಿನಲ್ಲಿ ಬುಡ್ಗಜಂಗಮರು, ದೊಂಬರು, ಸುಡುಗಾಡು ಸಿದ್ಧರು ಕೂತು ಅದನ್ನು ವಾಪಸ್ ಕೇಳಿದರು. ಸುಲ್ತಾನ ಸುಲೇಮಾನ್ ರಿಯಾಯಿತಿಯಾಗಿ ಕೊಟ್ಟದ್ದು ಇಪ್ಪತ್ತೈದರಲ್ಲಿ ಮೂರು, ಅಂದರೆ ಶೇ. 12. ನಮ್ಮದು ಪ್ರಜಾಪ್ರಭುತ್ವ, ಅಷ್ಟೆಲ್ಲ ದುಂದು ಮಾಡಲಾಗದು.

ದೂರ ಇದ್ದಷ್ಟೂ ಪ್ರೀತಿ ಹೆಚ್ಚು ಎಂಬುದು ಮಾತ್ರ ನಿಜ. 2016ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ರೋಮಾ ಸಮ್ಮೇಳನ ನಡೆಯಿತು. ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರೋಮಾಗಳನ್ನು ಭಾರತದ ಮಕ್ಕಳು ಎಂದು ಬಾಚಿ ತಬ್ಬಿಕೊಂಡರು. ಕಣ್ಣು ತುಂಬಿ ಬಂತು. ಸಾವಿರ ವರ್ಷದ ಹಿಂದೆ ಮನೆ ಬಿಟ್ಟ ಮಗನಿಗೆ ದೆಹಲಿಯಲ್ಲಿ ಜಮಖಾನ ಹಾಸಿದೆವು, ಮನೆಯಲ್ಲೇ ಉಳಿದ ಮಗನಿಗೆ ಬೈಪಾಸಿನ ಪಕ್ಕದ ಜಾಗವನ್ನೂ ನಾಳೆ ಬೆಳಗ್ಗೆ ಖಾಲಿ ಮಾಡು ಎಂದೆವು. ನಮ್ಮ ಹಕ್ಕಿಪಿಕ್ಕಿಗಳು ಈ ಗುಟ್ಟು ಬೇಗ ಅರ್ಥಮಾಡಿಕೊಂಡರು. ಗಿಡಮೂಲಿಕೆ ಔಷಧಿ ಮಾರಿಕೊಂಡು ಸುಡಾನಿಗೇ ಹೋದರು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಗುಂಡಿನ ಕಾಳಗ ಶುರುವಾಗಿ ಕರ್ನಾಟಕದ 31 ಮಂದಿ ಸಿಕ್ಕಿಹಾಕಿಕೊಂಡಾಗ, ಎದುರಿಗೆ ವಿಧಾನಸಭೆ ಚುನಾವಣೆ. ವಿರೋಧ ಪಕ್ಷದ ನಾಯಕರಿಗೂ ವಿದೇಶಾಂಗ ಸಚಿವರಿಗೂ ಟ್ವಿಟರ್‌ನಲ್ಲಿ ಜಗಳ ಹತ್ತಿತು. ಹಕ್ಕಿಪಿಕ್ಕಿ ಎಂಬ ಹೆಸರು ರಾಷ್ಟ್ರದ ಬಾಯಿಗೆ ಬಿದ್ದದ್ದು ಆಗಲೇ. ಅಲೆಮಾರಿ ಸುದ್ದಿಯಾಗಬೇಕಾದರೆ ಕನಿಷ್ಠ ಒಂದು ಮರುಭೂಮಿ, ಒಂದು ಯುದ್ಧ, ಒಂದು ಚುನಾವಣೆ ಮೂರೂ ಕೂಡಿಬರಬೇಕು.

ಹಾಗಾಗಿ ಈ ಅಂಕಣದಿಂದ ಸರ್ಕಾರಕ್ಕೆ ಒಂದು ನಮ್ರ ಸಲಹೆ. ಟಿಪ್ಪು ಜಯಂತಿ ಮಾಡಬೇಕೋ ಬೇಡವೋ ಎಂಬುದನ್ನು ಎರಡು ಪೀಠಗಳಿಗೂ ಬಿಟ್ಟುಬಿಡಿ, ಅವರಿಗೂ ಹೊತ್ತು ಹೋಗಬೇಕು. ರಾಜ್ಯದಲ್ಲಿ 31 ಜಿಲ್ಲೆಗಳಿವೆ. ಆಟೊಮನ್ ಮಾದರಿಯಲ್ಲಿ ಮೂವತ್ತೆರಡನೆಯದನ್ನು ಘೋಷಿಸಿ. ನೆಲವಿಲ್ಲದ ಜಿಲ್ಲೆ. ಭೂಸ್ವಾಧೀನ ಇಲ್ಲ, ಗಡಿ ತಕರಾರು ಇಲ್ಲ, ಜಿಲ್ಲಾಡಳಿತ ಭವನಕ್ಕೆ ಟೆಂಡರ್ ಇಲ್ಲ (ಇದೊಂದೇ ಕಾರಣಕ್ಕೆ ಕಡತ ತಿರಸ್ಕೃತವಾಗಬಹುದೆಂದು ನನಗೂ ಗೊತ್ತು). ಜಿಲ್ಲಾಧಿಕಾರಿಗಳಿಗೆ ಒಂದು ನೀಲಿ ಟಾರ್ಪಾಲ್, ಒಂದು ಟಾಟಾ ಏಸ್. ಈ ವಾರ ಗೌರಿಬಿದನೂರಿನ ಕೆರೆಯಂಗಳ, ಮುಂದಿನ ವಾರ ಚಿಂತಾಮಣಿ ಸಂತೆಮಾಳ, ಶಿವರಾತ್ರಿಗೆ ನಂದಿ ಜಾತ್ರೆ. ಹಿಂದೆ ದವಸ ಹೊತ್ತ ಋಣಕ್ಕೆ ಮೊಘಲರ ತಾಮ್ರಪಟವನ್ನೂ ನವೀಕರಿಸಬಹುದು. ಕೊಲೆ ಬೇಡ, ನಲ್ಲಿ ನೀರು ಸಾಕು.

ಒಂದೇ ಷರತ್ತು. ಆ ಜಿಲ್ಲೆಯ ಜನರಿಗೆ ಕೇಳುವ ದಾಖಲೆಗಳನ್ನೆಲ್ಲ ಸಾಹೇಬರಿಗೂ ಕೇಳಬೇಕು. ಟಾರ್ಪಾಲಿನ ಮನೆ ನಂಬರ್ ತೋರಿಸಿದರೆ ಸಂಬಳ, ಅಜ್ಜ ಇದೇ ತಾಲೂಕಿನಲ್ಲಿದ್ದರೆಂದು ಸಾಬೀತಾದರೆ ತುಟ್ಟಿಭತ್ಯೆ. ಎಪ್ಪತ್ತು ವರ್ಷದಲ್ಲಿ ಎಷ್ಟೋ ವರದಿಗಳು ಮಾಡಲಾಗದ ಸುಧಾರಣೆ ಆಗ ಮೊದಲನೇ ತಿಂಗಳ ಕೊನೆಯಲ್ಲೇ ಆಗುತ್ತದೆ. ಒಂದನೇ ತಾರೀಕು ಖಾತೆಗೆ ದುಡ್ಡು ಬೀಳದಿದ್ದರೆ, ಎರಡನೇ ತಾರೀಕು ಬೆಳಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಸುತ್ತೋಲೆ ಬಂದಿರುತ್ತದೆ: "ಇನ್ನು ಮುಂದೆ ಖಾಯಂ ವಿಳಾಸದ ಪುರಾವೆ ಕಡ್ಡಾಯವಲ್ಲ."